ನಕ್ಷೆಯಿಂದ ನೆಲಕ್ಕೆ

ವಾಸ್ತುಶಿಲ್ಪವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸು ಬೇಲೂರಿಗೋ ಹಂಪೆಗೋ ಹೋಗಿ ನಿಲ್ಲುತ್ತದೆ. ಅಂಥ ಗುಡಿಗಳನ್ನು ಕಟ್ಟಿದವರು ಯಾವ ಕಾಲೇಜಿನಲ್ಲಿ ಓದಿದರು ಎಂದು ಯಾರೂ ಕೇಳುವುದಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು, ಕಲ್ಲಿಗೆ ಉಳಿ ಹಚ್ಚಿ, ಕೆಲಸ ಮಾಡುತ್ತಲೇ ಕೆಲಸ ಕಲಿತರು ಎಂಬುದನ್ನು ನಾವು ಸಹಜವಾಗಿಯೇ ಒಪ್ಪಿಕೊಂಡಿದ್ದೇವೆ. ಇಂದು ಕಟ್ಟಡಗಳನ್ನು ಯೋಜಿಸುವವರು ಕಾಲೇಜಿನಲ್ಲಿ ಕಲಿಯುತ್ತಾರೆ. ಐದು ವರ್ಷ ಕಲಿಯುತ್ತಾರೆ. ಆ ಐದು ವರ್ಷಗಳಲ್ಲಿ ಅವರು ಆಸ್ಪತ್ರೆಗಳನ್ನು ರಚಿಸುತ್ತಾರೆ, ನಾಟಕಶಾಲೆಗಳನ್ನು ರಚಿಸುತ್ತಾರೆ, ಬಸ್ ನಿಲ್ದಾಣಗಳನ್ನು ರಚಿಸುತ್ತಾರೆ. ಆದರೆ ಎಲ್ಲವೂ ಕಾಗದದ ಮೇಲೆ, ಈಚೆಗೆ ಕಂಪ್ಯೂಟರಿನ ತೆರೆಯ ಮೇಲೆ. ಪದವಿ ಪಡೆದು ಹೊರಬರುವ ಹೊತ್ತಿಗೆ ಒಂದು ಇಟ್ಟಿಗೆಯ ಮೇಲೆ ಇನ್ನೊಂದನ್ನು ಕೈಯಾರೆ ಇಟ್ಟು ನೋಡಿರದ ವಾಸ್ತುಶಿಲ್ಪಿಗಳೂ ಇರುವುದುಂಟು.

ವೈದ್ಯವಿದ್ಯಾರ್ಥಿಗೆ ಆಸ್ಪತ್ರೆಯ ವಾರ್ಡು ಇದೆ. ಅಲ್ಲಿ ರೋಗಿ ನರಳುತ್ತಾನೆ, ಪ್ರಶ್ನೆ ಕೇಳುತ್ತಾನೆ, ಕೆಲವೊಮ್ಮೆ ಬೈಯುತ್ತಾನೆ. ಸಂಗೀತದ ವಿದ್ಯಾರ್ಥಿಗೆ ತನ್ನ ಅಪಸ್ವರ ತನ್ನ ಕಿವಿಗೇ ಕೇಳಿಸುತ್ತದೆ. ಕಾಗದದ ಮೇಲೆ ಕಟ್ಟಿದ ಮನೆಗೆ ಮಾತ್ರ ಒಂದು ವಿಶೇಷ ಗುಣವಿದೆ. ಅದು ಸೋರುವುದಿಲ್ಲ, ಬಿರುಕು ಬಿಡುವುದಿಲ್ಲ, ಅದರ ಅಡುಗೆಮನೆಯಲ್ಲಿ ಹೊಗೆ ಕಟ್ಟಿಕೊಂಡಿತೆಂದು ಯಾವ ಗೃಹಿಣಿಯೂ ದೂರುವುದಿಲ್ಲ. ವಾಸ್ತುಶಿಲ್ಪದ ವಿದ್ಯಾರ್ಥಿಗಳ ನಕ್ಷೆಗಳನ್ನು ಹಲವು ವರ್ಷ ತಿದ್ದಿದವನು ನಾನು. ಗೆರೆ ಎಷ್ಟು ಚೆನ್ನಾಗಿದ್ದರೂ ಆ ಗೆರೆಯ ಹಿಂದೆ ಮನುಷ್ಯನಿದ್ದಾನೆಯೆ ಎಂಬ ಅನುಮಾನ ನನ್ನನ್ನು ಬಿಟ್ಟದ್ದೇ ಇಲ್ಲ. ಆದುದರಿಂದ ವಿದ್ಯಾರ್ಥಿಗಳು ನಿಜವಾದ ಮನುಷ್ಯರಿಗಾಗಿ ನಿಜವಾದ ಕಟ್ಟಡಗಳನ್ನು ತಾವೇ ಯೋಜಿಸಿ, ತಾವೇ ಕಟ್ಟಿ ಕಲಿಯುವ ಕ್ರಮವೊಂದರ ವಿಷಯವನ್ನು ಈ ಕೆಲವು ನಿಮಿಷಗಳಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ನಡೆದದ್ದು, ಈಗಲೂ ನಡೆಯುತ್ತಿರುವುದು, ಅಮೆರಿಕದ ದಕ್ಷಿಣ ಭಾಗದ ಅಲಬಾಮ ಎಂಬ ರಾಜ್ಯದಲ್ಲಿ.

ಕಟ್ಟಿ ಕಲಿಯುವ ಪ್ರಯತ್ನ ಬೇರೆಡೆ ನಡೆದೇ ಇಲ್ಲವೆಂದಲ್ಲ. ಜರ್ಮನಿಯ ಬೌಹೌಸ್ ಶಾಲೆಯವರು 1920-21ರಲ್ಲಿ ಬರ್ಲಿನ್ನಿನಲ್ಲಿ ಮರದ ವ್ಯಾಪಾರಿಯೊಬ್ಬನಿಗೆ ಮನೆ ಕಟ್ಟಿಕೊಟ್ಟಾಗ, ಒಡೆದುಹಾಕಿದ ಯುದ್ಧನೌಕೆಯೊಂದರ ತೇಗದ ಮರವನ್ನು ಬಳಸಿದರು. ಬಣ್ಣದ ಗಾಜು, ಮರದ ಕೆತ್ತನೆ, ಕುರ್ಚಿ ಮೇಜುಗಳೆಲ್ಲ ವಿದ್ಯಾರ್ಥಿಗಳ ಕೈಕೆಲಸವಾಗಿದ್ದವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮೂರ್ ಎಂಬ ಪ್ರಾಧ್ಯಾಪಕರು 1967ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನೇ ಕೆಂಟಕಿ ರಾಜ್ಯದ ನ್ಯೂ ಜಿಯಾನ್ ಎಂಬಲ್ಲಿಗೆ ಕರೆದೊಯ್ದು ಅಲ್ಲಿನವರಿಗೊಂದು ಸಮುದಾಯ ಭವನವನ್ನು ಕಟ್ಟಿಸಿದರು. ಆ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಆದರೆ ಅಲಬಾಮದ ಕತೆ ಇವೆರಡಕ್ಕಿಂತ ಹಳೆಯದು, ಇವೆರಡಕ್ಕಿಂತ ಹೊಸದೂ ಹೌದು. ಹೇಗೆಂದು ಹೇಳುತ್ತೇನೆ.

ಹಳೆಯ ಭಾಗ ಮೊದಲು. ಅಮೆರಿಕದಲ್ಲಿ ಗುಲಾಮಗಿರಿ ಅಳಿದು ಹದಿನಾರು ವರ್ಷಗಳಾಗಿದ್ದಾಗ, ಅಂದರೆ 1881ರ ಜುಲೈ 4ರಂದು, ಅಲಬಾಮದ ಟಸ್ಕೀಗಿ ಎಂಬ ಊರಿನಲ್ಲಿ ಕರಿಯರ ಮಕ್ಕಳಿಗಾಗಿ ಒಂದು ಶಾಲೆ ತೆರೆಯಿತು. ಅದರ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್, ಸ್ವತಃ ಗುಲಾಮನಾಗಿ ಹುಟ್ಟಿದವರು. ಶಾಲೆಗೆ ಕಟ್ಟಡವಿರಲಿಲ್ಲ. ಪಾಠ ನಡೆಯುತ್ತಿದ್ದ ಹಳೆಯ ಗುಡಿಸಲಿನ ಮಾಡು ಎಷ್ಟು ಸೋರುತ್ತಿತ್ತೆಂದರೆ, ಮಳೆ ಬಂದಾಗ ದೊಡ್ಡ ಹುಡುಗನೊಬ್ಬ ತನ್ನ ಪಾಠ ಬಿಟ್ಟು ಬಂದು ಉಪಾಧ್ಯಾಯರ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದನಂತೆ. ಮುಂದೆ ಸಾಲ ಮಾಡಿ ಪಾಳುಬಿದ್ದ ಹತ್ತಿಯ ತೋಟವೊಂದನ್ನು ಕೊಂಡರು. ಅಲ್ಲಿ ಕಟ್ಟಡಗಳನ್ನು ವಿದ್ಯಾರ್ಥಿಗಳೇ ಕಟ್ಟಬೇಕೆಂದು ವಾಷಿಂಗ್ಟನ್ ಹಟ ತೊಟ್ಟರು. ಹಣವಿಲ್ಲದ್ದು ಒಂದು ಕಾರಣ. ಕೈಕೆಲಸವೆಂದರೆ ಗುಲಾಮಗಿರಿಯ ಗುರುತು ಎಂದು ಬಗೆದು ಅದರಿಂದ ಓಡಿಹೋಗಲೆಂದೇ ಓದಲು ಬಂದಿದ್ದ ಹುಡುಗರ ಮನಸ್ಸನ್ನು ತಿರುಗಿಸಬೇಕೆಂಬುದು ಇನ್ನೊಂದು ಕಾರಣ.

ಊರಿನಲ್ಲಿ ಇಟ್ಟಿಗೆ ಸಿಗುತ್ತಿರಲಿಲ್ಲ. ಇಟ್ಟಿಗೆಯನ್ನೂ ತಾವೇ ಮಾಡಬೇಕಾಯಿತು. ಮೊಣಕಾಲುದ್ದ ಕೆಸರಿನಲ್ಲಿ ಗಂಟೆಗಟ್ಟಲೆ ನಿಂತು ಮಣ್ಣು ಹದಮಾಡುವುದು ಯಾರಿಗೆ ಬೇಕು? ಕೆಲವರು ಶಾಲೆಯನ್ನೇ ಬಿಟ್ಟು ಹೋದರು. ಉಳಿದವರು ಸುಮಾರು 25,000 ಇಟ್ಟಿಗೆ ಹೊಯ್ದು ಗೂಡು ಒಟ್ಟಿ ಬೆಂಕಿಯಿಟ್ಟರು, ಸರಿಯಾಗಿ ಬೇಯಲಿಲ್ಲ. ಎರಡನೆಯ ಗೂಡೂ ಕೆಟ್ಟಿತು. ಮೂರನೆಯದು ಚೆನ್ನಾಗಿಯೇ ಉರಿಯುತ್ತಿತ್ತು. ಒಂದು ವಾರದ ಸುಡುವಿಕೆ ಮುಗಿಯುತ್ತ ಬಂದಾಗ ನಡುರಾತ್ರಿಯಲ್ಲಿ ಕುಸಿದು ಬಿತ್ತು. ಕೈಯಲ್ಲಿ ಕಾಸಿಲ್ಲ. ವಾಷಿಂಗ್ಟನ್ ತಮ್ಮ ಗಡಿಯಾರವನ್ನು ಮಾಂಟ್‌ಗೊಮರಿ ಪಟ್ಟಣಕ್ಕೆ ಒಯ್ದು 15 ಡಾಲರಿಗೆ ಒತ್ತೆಯಿಟ್ಟರು. ಆ ಹಣದಿಂದ ಒಟ್ಟಿದ ನಾಲ್ಕನೆಯ ಗೂಡು ಗೆದ್ದಿತು. ಗಡಿಯಾರ ಮಾತ್ರ ಹಿಂದಕ್ಕೆ ಬರಲಿಲ್ಲ. ಬಿಡಿಸಿಕೊಳ್ಳುವ ಗಡುವು ಮೀರಿಹೋಗಿತ್ತು.

ಹತ್ತೊಂಬತ್ತು ವರ್ಷಗಳಲ್ಲಿ ಸಣ್ಣವು ದೊಡ್ಡವು ಸೇರಿ 40 ಕಟ್ಟಡಗಳೆದ್ದವು. ಅವುಗಳಲ್ಲಿ ನಾಲ್ಕನ್ನು ಬಿಟ್ಟರೆ ಉಳಿದೆಲ್ಲವೂ ಹೆಚ್ಚುಕಡಮೆ ವಿದ್ಯಾರ್ಥಿಗಳ ದುಡಿಮೆಯಿಂದಲೇ ಆದವು ಎಂದು ವಾಷಿಂಗ್ಟನ್ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹೊಸದಾಗಿ ಬಂದ ಹುಡುಗ ಗೋಡೆಯ ಮೇಲೆ ತನ್ನ ಹೆಸರು ಕೆತ್ತಹೊರಟರೆ ಹಳೆಯ ವಿದ್ಯಾರ್ಥಿ ತಡೆಯುತ್ತಿದ್ದನಂತೆ; ಆ ಗೋಡೆಯನ್ನು ಎತ್ತಿದವರಲ್ಲಿ ಅವನೂ ಒಬ್ಬ. 1892ರಲ್ಲಿ ರಾಬರ್ಟ್ ಟೇಲರ್ ಎಂಬ ತರುಣ ಈ ಶಾಲೆಗೆ ಬಂದರು. ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ವಾಸ್ತುಶಿಲ್ಪದ ಪದವಿ ಪಡೆದ ಮೊದಲ ಕರಿಯ ವಿದ್ಯಾರ್ಥಿ ಅವರು. 1898ರಲ್ಲಿ ಮುಗಿದ ಪ್ರಾರ್ಥನಾಮಂದಿರಕ್ಕೆ ನಕ್ಷೆ ಟೇಲರರದು. ಇಟ್ಟಿಗೆಯೂ ಕೈಯೂ ವಿದ್ಯಾರ್ಥಿಗಳದು. ಆ ಮಂದಿರ 1957ರಲ್ಲಿ ಬೆಂಕಿಗೆ ಆಹುತಿಯಾಯಿತು. ಕಟ್ಟಿ ಕಲಿಯುವುದನ್ನು ಇಪ್ಪತ್ತನೆಯ ಶತಮಾನದ ಹೊಸ ಶೋಧವೆಂಬಂತೆ ಬರೆಯುವ ಶಿಕ್ಷಣತಜ್ಞರು ಟಸ್ಕೀಗಿಯ ಹೆಸರೆತ್ತುವುದು ಕಡಮೆ. ಇರಲಿ.

ಟಸ್ಕೀಗಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ಆಬರ್ನ್ ಎಂಬ ಊರಿದೆ. ಅಲ್ಲೊಂದು ದೊಡ್ಡ ವಿಶ್ವವಿದ್ಯಾಲಯವಿದೆ. ಇಷ್ಟು ಹತ್ತಿರದ ನೆರೆಯಾದರೂ 1964ರವರೆಗೆ ಆ ವಿಶ್ವವಿದ್ಯಾಲಯಕ್ಕೆ ಕರಿಯ ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. ಕತೆಯ ಹೊಸ ಭಾಗ ಆರಂಭವಾಗುವುದು ಇಲ್ಲಿಂದ. 1993ರಲ್ಲಿ ಅಲ್ಲಿನ ವಾಸ್ತುಶಿಲ್ಪ ವಿಭಾಗದ ಸ್ಯಾಮ್ಯುಯೆಲ್ ಮಾಕ್ಬಿ ಮತ್ತು ಡಿ. ಕೆ. ರೂತ್ ಎಂಬಿಬ್ಬರು ಪ್ರಾಧ್ಯಾಪಕರು ‘ರೂರಲ್ ಸ್ಟುಡಿಯೊ’ ಎಂಬ ಹೆಸರಿನಲ್ಲಿ ಒಂದು ಹಳ್ಳಿಯ ಶಾಖೆಯನ್ನು ತೆರೆದರು.

ಮಾಕ್ಬಿ 1944ರಲ್ಲಿ ಮಿಸಿಸಿಪಿ ರಾಜ್ಯದ ಮೆರಿಡಿಯನ್ ಎಂಬಲ್ಲಿ ಹುಟ್ಟಿದ ಬಿಳಿಯರು. ದಕ್ಷಿಣದ ಹಳೆಯ ಮನೆತನದವರು. ಅದೇ ಊರಿನಲ್ಲಿ ಅವರಿಗಿಂತ ಒಂದು ವರ್ಷ ಮೊದಲು ಜೇಮ್ಸ್ ಚೇನಿ ಎಂಬ ಕರಿಯ ಹುಡುಗನೂ ಹುಟ್ಟಿದ್ದ. ಕರಿಯರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಚೇನಿಯನ್ನು 1964ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಕೊಂದುಹಾಕಿದರು. ಒಂದೇ ಊರು, ಒಂದೇ ವಯಸ್ಸು. ಒಬ್ಬ ವಾಸ್ತುಶಿಲ್ಪಿಯಾದ, ಒಬ್ಬ ಮಣ್ಣಾದ. ಚೇನಿಯ ಸಮಾಧಿಯ ಮುಂದೆ ನಿಂತು ತನ್ನನ್ನು ತಾನು ಕೇಳಿಕೊಂಡ ಪ್ರಶ್ನೆಗಳನ್ನು ಮಾಕ್ಬಿ ಮುಂದೆ ತಮ್ಮ ಭಾಷಣಗಳಲ್ಲಿ ನೆನೆಯುತ್ತಿದ್ದರು. ಈ ಹಿನ್ನೆಲೆಯನ್ನು ಬಿಟ್ಟು ಅವರ ಶಾಲೆಯನ್ನು ನೋಡಿದರೆ ಅದು ಬರಿಯ ಬೋಧನಾಕ್ರಮದ ಸುಧಾರಣೆಯಾಗಿ ಕಾಣುತ್ತದೆ.

ಅವರು ಆರಿಸಿಕೊಂಡ ಸ್ಥಳ ಆಬರ್ನ್‌ನಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿರುವ ಹೇಲ್ ಎಂಬ ಜಿಲ್ಲೆ. ಕಪ್ಪು ಮಣ್ಣಿನ ಸೀಮೆ. ಒಂದು ಕಾಲಕ್ಕೆ ಗುಲಾಮರ ಬೆವರಿನಿಂದ ಹತ್ತಿ ಬೆಳೆದು ಕೊಬ್ಬಿದ ಸೀಮೆ. ಹತ್ತಿ ಹೋಯಿತು, ಹಣವೂ ಹೋಯಿತು, ಬಡವರು ಉಳಿದರು. ಲೇಖಕ ಜೇಮ್ಸ್ ಏಜಿ ಮತ್ತು ಛಾಯಾಗ್ರಾಹಕ ವಾಕರ್ ಎವನ್ಸ್ 1936ರಲ್ಲಿ ಗೇಣಿದಾರರ ಬಡತನವನ್ನು ಕಂಡು ಚಿತ್ರಿಸಿದ್ದು ಇದೇ ಜಿಲ್ಲೆಯಲ್ಲಿ. ಅರವತ್ತು ವರ್ಷ ಕಳೆದ ಮೇಲೂ ನಲ್ಲಿಯಿಲ್ಲದ, ಚಳಿ ತಡೆಯದ, ಹಲಗೆ ಕಿತ್ತುಹೋದ ಗುಡಿಸಲುಗಳು ಅಲ್ಲಿದ್ದವು. ವಿದ್ಯಾರ್ಥಿಗಳು ನಗರ ಬಿಟ್ಟು ಬಂದು ಈ ಜಿಲ್ಲೆಯಲ್ಲೇ ವಾಸಿಸಬೇಕು, ಅಲ್ಲಿನವರೊಡನೆ ಕುಳಿತು ಮಾತಾಡಬೇಕು, ಅವರಿಗೆ ಬೇಕಾದುದನ್ನು ಯೋಜಿಸಬೇಕು, ಆಮೇಲೆ ಕೈಯಾರೆ ಕಟ್ಟಬೇಕು. ಇದು ನಿಯಮ.

ಮೊದಲ ಮನೆ 1994ರಲ್ಲಿ ಮುಗಿಯಿತು. ಮೊಮ್ಮಕ್ಕಳನ್ನು ಸಾಕುತ್ತಿದ್ದ ವೃದ್ಧ ದಂಪತಿಗಳ ಮನೆ ಅದು. ಗೋಡೆಗೆ ಬಳಸಿದ್ದು ಒಣಹುಲ್ಲಿನ ಪಿಂಡಿಗಳನ್ನು. ಹುಲ್ಲಿನ ಗೋಡೆಯೆಂದರೆ ನಿಮಗೆ ನಗು ಬರಬಹುದು. ಆದರೆ ಅದರ ಮರ್ಮ ಸರಳವಾದದ್ದು. ಒತ್ತಿ ಕಟ್ಟಿದ ಹುಲ್ಲಿನ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಶಾಖವನ್ನು ಬೇಗ ಹಾಯಗೊಡುವುದಿಲ್ಲ. ನಾವು ಚಳಿಗಾಲದಲ್ಲಿ ಉಣ್ಣೆಯ ಕಂಬಳಿ ಹೊದೆಯುವುದೂ ಇದೇ ಕಾರಣಕ್ಕೆ. ಪಿಂಡಿಗಳನ್ನು ಇಟ್ಟಿಗೆಯಂತೆ ಸಾಲಾಗಿ ಜೋಡಿಸಿ, ಮೇಲೆ ಗಾರೆ ಮೆತ್ತಿದಾಗ ಎರಡು ಅಡಿ ದಪ್ಪದ ಗೋಡೆಯಾಗುತ್ತದೆ. ಬೇಸಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಸೌದೆಯ ಖರ್ಚು ಇಳಿಯುತ್ತದೆ. ಇಂಥ ಗೋಡೆಯ ಶತ್ರು ಬೆಂಕಿಗಿಂತ ಹೆಚ್ಚಾಗಿ ನೀರು. ತಳಪಾಯ ನೆಲಕ್ಕಿಂತ ಮೇಲಿರಬೇಕು, ಸೂರು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿರಬೇಕು, ಗಾರೆಯಲ್ಲಿ ಬಿರುಕು ಕಂಡೊಡನೆ ಮುಚ್ಚಬೇಕು. ಸೂರು ಎಷ್ಟು ಚಾಚಬೇಕೆಂಬ ಲೆಕ್ಕವನ್ನು ತರಗತಿಯಲ್ಲಿ ಹತ್ತು ಸಲ ಹೇಳಿದರೂ ಮರೆಯುವ ವಿದ್ಯಾರ್ಥಿ, ತಾನೇ ಹೊತ್ತು ತಂದ ಹುಲ್ಲು ನೆನೆದೀತೆಂಬ ಭಯದಲ್ಲಿ ಒಂದೇ ಸಲಕ್ಕೆ ಕಲಿಯುತ್ತಾನೆ.

ಆ ಮನೆಯ ಮುಂದೆ ಉದ್ದಕ್ಕೂ ಒಂದು ದೊಡ್ಡ ಜಗಲಿಯಿದೆ. ಬೆಳಕು ಸೋಸಿ ಬರುವ ಮಾಡು ಅದಕ್ಕೆ. ಹಿಂದುಗಡೆ ಮೊಮ್ಮಕ್ಕಳು ಮಲಗಲು ಕಮಾನಿನ ಆಕಾರದ ಮೂರು ಪುಟ್ಟ ಕೋಣೆಗಳು. ಒಂದು ಮಂಚ, ಒಂದು ಮೇಜು ಹಿಡಿಯುವಷ್ಟು ಜಾಗ. ಈ ಜಗಲಿಯ ಬಗ್ಗೆ ಎರಡು ಮಾತು ಹೇಳಬೇಕು. ಚದರಡಿಗೆ ಇಷ್ಟು ಹಣವೆಂದು ಲೆಕ್ಕ ಹಾಕುವ ಸರ್ಕಾರಿ ಯೋಜನೆಯಲ್ಲಿ ಮೊದಲು ಕತ್ತರಿ ಬೀಳುವುದು ಜಗಲಿಗೆ. ಅದು ಮಲಗುವ ಕೋಣೆಯಲ್ಲ, ಅಡುಗೆಯ ಮನೆಯಲ್ಲ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕೆಲಸವಿಲ್ಲ. ಆದರೆ ದಂಪತಿಗಳ ಬಾಳಿನ ಬಹುಭಾಗ ನಡೆಯುತ್ತಿದ್ದುದೇ ಅಲ್ಲಿ. ನೆರೆಯವರು ಬಂದು ಕೂರುವುದು, ಮಕ್ಕಳು ಆಡುವುದು ಎಲ್ಲ ಅಲ್ಲೇ. ಜಗಲಿಯ ಬೆಲೆ ನಮ್ಮ ಹಳ್ಳಿಗಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಡವನಾಗಲಿ ಸಿರಿವಂತನಾಗಲಿ, ಮನುಷ್ಯನಿಗೆ ಮಳೆ ತಡೆಯುವ ಮಾಡಿನ ಜೊತೆಗೆ ಜೀವ ಹಿಗ್ಗುವಂಥ ನೆಲೆಯೂ ಬೇಕು ಎಂಬುದು ಮಾಕ್ಬಿಯವರ ವಿಚಾರದ ಸಾರ. ಆ ಮನೆಯ ಪಕ್ಕದಲ್ಲಿ ವಿದ್ಯಾರ್ಥಿಯೊಬ್ಬ ಮೀನು, ಮಾಂಸಗಳಿಗೆ ಹೊಗೆ ಹಿಡಿಸುವ ಪುಟ್ಟ ಕೋಣೆಯೊಂದನ್ನೂ ಕಟ್ಟಿದ. ಒಡೆದ ಕಾಂಕ್ರೀಟಿನ ತುಂಡು, ಹಳೆಯ ಸೀಸೆ, ರಸ್ತೆಯ ಫಲಕ ಇವೇ ಸಾಮಗ್ರಿ. ಖರ್ಚು 140 ಡಾಲರ್. ಗೋಡೆಯಲ್ಲಿ ಹುದುಗಿಸಿದ ಸೀಸೆಗಳ ಮೂಲಕ ಒಳಗೆ ಬೆಳಕಿನ ಚುಕ್ಕೆಗಳು ಬೀಳುತ್ತವೆ.

ಮುಂದಿನ ಕೆಲವು ವರ್ಷಗಳಲ್ಲಿ ಈ ಹುಡುಗ ಹುಡುಗಿಯರು ಲೋಕ ಬಿಸಾಡಿದ ವಸ್ತುಗಳಿಂದ ಏನೇನನ್ನೋ ಕಟ್ಟಿದರು. 1995ರಲ್ಲಿ ಸುಮಾರು ಸಾವಿರ ಹಳೆಯ ಟೈರುಗಳೊಳಗೆ ಮಣ್ಣು ಗಿಡಿದು ಒಂದು ಪ್ರಾರ್ಥನಾಮಂದಿರ. 2000ದಲ್ಲಿ ಮಣ್ಣನ್ನು ಬಡಿದು ಎಬ್ಬಿಸಿದ ಗೋಡೆಗಳ ಮೇಲೆ, ಗುಜರಿಯಿಂದ ಒಟ್ಟು 120 ಡಾಲರಿಗೆ ತಂದ 80 ಕಾರುಗಳ ಮುಂಗಾಜುಗಳನ್ನು ಮೀನಿನ ಹುರುಪೆಯಂತೆ ಹೊದಿಸಿದ ಒಂದು ಸಮುದಾಯ ಭವನ. 2002ರಲ್ಲಿ 72,000 ಕಾರ್ಪೆಟ್ ಚೌಕಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿದ ಒಂದು ಮನೆ. ಪತ್ರಿಕೆಗಳು ಮುಗಿಬಿದ್ದು ಚಿತ್ರ ಅಚ್ಚುಹಾಕಿದವು. 2000ದಲ್ಲಿ ಮಾಕ್ಬಿಯವರಿಗೆ ಮೆಕಾರ್ಥರ್ ಪುರಸ್ಕಾರ ಬಂದಿತು. ಮರುವರ್ಷ ಡಿಸೆಂಬರ್ 30ರಂದು ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಕಾರ್ಪೆಟ್ಟಿನ ಮನೆ ಮುಗಿದುದನ್ನು ಅವರು ನೋಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸೊಗಸಾದ ಕತೆ. ಆದರೆ ಈ ಕೆಲಸದ ಮೇಲೆ ಒಂದು ಕಠಿನವಾದ ಆಕ್ಷೇಪಣೆಯಿದೆ. ಅದನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಬಹುಪಾಲು ಅನುಕೂಲವಂತ ಬಿಳಿಯರ ಮಕ್ಕಳು ಬಂದು, ಬಹುಪಾಲು ಕಡುಬಡವರಾದ ಕರಿಯರ ಅಂಗಳದಲ್ಲಿ, ತಾವು ಹಿಂದೆಂದೂ ಕಟ್ಟಿರದ ಬಗೆಯ ಮನೆ ಕಟ್ಟಿ ಕಲಿಯುತ್ತಾರೆ. ಕಲಿತವರು ಪದವಿ ಹಿಡಿದು ಹೊರಟುಹೋಗುತ್ತಾರೆ. ಕಲಿಕೆಯ ಫಲವನ್ನು ಉಣ್ಣುತ್ತ ಅಲ್ಲೇ ಬಾಳಬೇಕಾದವರು ಇವರು. ಟಸ್ಕೀಗಿಯ ಹುಡುಗರು ತಮ್ಮ ತಲೆಯ ಮೇಲಿನ ಸೂರನ್ನು ತಾವೇ ಕಟ್ಟಿಕೊಂಡರು. ಗೂಡು ಕುಸಿದರೆ ನಷ್ಟ ಅವರದೇ. ಇಲ್ಲಿ ಪ್ರಯೋಗ ಮಾಡುವವನು ಒಬ್ಬ, ಪ್ರಯೋಗದೊಳಗೆ ಮಲಗುವವನು ಇನ್ನೊಬ್ಬ. ಸಿರಿವಂತನಾದರೆ ಕಾರಿನ ಗಾಜಿನ ಮಾಡನ್ನು ಒಪ್ಪುತ್ತಿದ್ದನೆ? ಬೇಡವೆನ್ನುವ ಸ್ವಾತಂತ್ರ್ಯ ನಿಜವಾಗಿ ಬಡವನಿಗೆ ಇದೆಯೆ?

ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ಮಾಕ್ಬಿಯೂ ಕಾಣಲಿಲ್ಲ; ದಾನ ಮಾಡುವವನ ಗತ್ತು ವಿದ್ಯಾರ್ಥಿಗಳಿಗೆ ಅಂಟಬಾರದೆಂದು ಅವರು ಎಚ್ಚರಿಸುತ್ತಿದ್ದರು. 2001ರಲ್ಲಿ ಮೇಣ ಹಿಡಿಸಿದ ರಟ್ಟಿನ ಪಿಂಡಿಗಳಿಂದ ಗೋಡೆ ಕಟ್ಟಿ ನೋಡಬೇಕೆನ್ನಿಸಿದಾಗ, ಅದನ್ನು ವಿದ್ಯಾರ್ಥಿಗಳ ವಸತಿಗೇ ಕಟ್ಟಿದರು. ನನಗೆ ಇದು ಸರಿಯೆನಿಸುತ್ತದೆ. ಹೊಸ ಮದ್ದನ್ನು ಮೊದಲು ವೈದ್ಯನೇ ಕುಡಿದು ನೋಡಿದಂತೆ. ಆದರೂ ಬಿಸಾಡಿದ ವಸ್ತುಗಳಿಂದ ಕಟ್ಟಿದ ಒಂದೊಂದು ಮನೆಯೂ ಒಂದೊಂದು ಅಚ್ಚರಿ. ಅಚ್ಚರಿಯನ್ನು ಎರಡನೆಯ ಸಲ ಕಟ್ಟಲು ಬರುವುದಿಲ್ಲ. ಎಪ್ಪತ್ತೆರಡು ಸಾವಿರ ಕಾರ್ಪೆಟ್ ಚೌಕ ಪುಕ್ಕಟೆಯಾಗಿ ಮತ್ತೊಬ್ಬನಿಗೆ ಸಿಗಬೇಕಲ್ಲ! ಒಂದು ಸಂಸಾರಕ್ಕೆ ನೆಲೆಯಾಯಿತು. ಪಕ್ಕದ ಗುಡಿಸಲಿನವರು ನೋಡುತ್ತ ನಿಂತರು.

ಮಾಕ್ಬಿಯವರ ತರುವಾಯ 2002ರಲ್ಲಿ ಹೊಣೆ ಹೊತ್ತವರು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯವರಾದ ಆ್ಯಂಡ್ರೂ ಫ್ರೀರ್. ಅವರ ಕಾಲದಲ್ಲಿ, 2005ರಲ್ಲಿ, ಆರಂಭವಾದ ಕೆಲಸವೇ ನನ್ನ ದೃಷ್ಟಿಯಲ್ಲಿ ಈ ಶಾಲೆಯ ನಿಜವಾದ ಪಾಂಡಿತ್ಯ. ಅದರ ಹೆಸರು ‘ಇಪ್ಪತ್ತು ಸಾವಿರದ ಮನೆ’. ಈ ಸಂಖ್ಯೆ ಎಲ್ಲಿಂದ ಬಂತು? ಸರ್ಕಾರದ ಕನಿಷ್ಠ ಪಿಂಚಣಿಯನ್ನೇ ನಂಬಿ ಬದುಕುವ ಒಬ್ಬ ಮುದುಕಿ ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಳು ಎಂದು ಮೊದಲು ಲೆಕ್ಕ ಹಾಕಿದರು. ಅಷ್ಟು ಕಂತಿಗೆ ಎಷ್ಟು ಸಾಲ ಹುಟ್ಟುತ್ತದೆ ಎಂದು ನೋಡಿದರು. ಉತ್ತರ 20,000 ಡಾಲರಿನ ಆಸುಪಾಸು ಬಂದಿತು. ಮನೆಯನ್ನು ಬರೆದು ಬೆಲೆ ಕಟ್ಟಲಿಲ್ಲ. ಬೆಲೆಯನ್ನು ಇಟ್ಟುಕೊಂಡು ಮನೆ ಬರೆದರು. ಅದರಲ್ಲಿಯೂ ಸುಮಾರು 12,000 ಡಾಲರ್ ಸಾಮಗ್ರಿಗೆ, ಉಳಿದ 8,000 ಗುತ್ತಿಗೆದಾರನ ಕೂಲಿಗೆ ಮತ್ತು ಲಾಭಕ್ಕೆ. ಗುತ್ತಿಗೆದಾರನ ಪಾಲನ್ನು ಲೆಕ್ಕಕ್ಕೆ ಹಿಡಿದದ್ದೇ ಇದರ ಜಾಣತನ. ವಿದ್ಯಾರ್ಥಿಗಳ ಪುಕ್ಕಟೆ ದುಡಿಮೆಯನ್ನು ನೆಚ್ಚಿದ ಮನೆ ಹತ್ತಾದೀತು. ಊರಿನ ಬಡಗಿ ಲಾಭ ಮಾಡಿಕೊಂಡು ಕಟ್ಟಬಹುದಾದ ಮನೆ ಸಾವಿರವಾದೀತು.

ಹುಲ್ಲು, ಟೈರು, ಗಾಜು ಎಲ್ಲ ಹಿಂದೆ ಸರಿದವು. ಯಾವ ಅಂಗಡಿಯಲ್ಲಾದರೂ ಸಿಗುವ ಮರದ ರೀಪು, ಹಲಗೆ, ತಗಡಿನ ಮಾಡು. ಆರುನೂರು ಚದರಡಿಯ ಸುತ್ತಮುತ್ತ ವಿಸ್ತೀರ್ಣ. ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಂತೆ ಎದುರುಬದುರು ಕಿಟಕಿಗಳು. ಬಿಸಿಗಾಳಿ ಮೇಲೇರಲು ಎತ್ತರದ ಸೂರು. ಜಗಲಿಯನ್ನು ಮಾತ್ರ ಬಿಡಲಿಲ್ಲ. ಒಂದು ವರ್ಷದ ವಿದ್ಯಾರ್ಥಿಗಳು ಕಟ್ಟಿದ ಮನೆಯನ್ನು ಮರುವರ್ಷದವರು ಅಳೆದು ನೋಡುತ್ತಾರೆ. ಎಲ್ಲಿ ಮರ ಹಾಳಾಯಿತು, ಎಲ್ಲಿ ಒಂದು ಮೊಳೆ ಉಳಿಸಬಹುದಾಗಿತ್ತು, ವಾಸಿಸುವವರು ಯಾವ ಮೂಲೆಯನ್ನು ಬಳಸದೆ ಬಿಟ್ಟಿದ್ದಾರೆ ಎಂದು ಕೇಳುತ್ತಾರೆ. ಪ್ರತಿ ಮಾದರಿಯನ್ನೂ ಅದರಲ್ಲಿ ಮೊದಲು ವಾಸಿಸಿದವರ ಹೆಸರಿನಿಂದಲೇ ಕರೆಯುವುದು ರೂಢಿ.

ಮನೆ ಸಿದ್ಧವಾದ ಮೇಲೆ ಹೊಸ ತೊಡಕು ಎದುರಾಯಿತು. ಇಷ್ಟು ಚಿಕ್ಕ ಸಾಲವನ್ನು ಕೊಡಲು ಬ್ಯಾಂಕುಗಳಿಗೆ ಮನಸ್ಸಿಲ್ಲ. ದೊಡ್ಡ ಸಾಲಕ್ಕೆ ಎಷ್ಟು ಕಾಗದಪತ್ರವೋ ಇದಕ್ಕೂ ಅಷ್ಟೇ, ಲಾಭ ಮಾತ್ರ ಕಡಮೆ. ಹಲವು ಊರುಗಳ ಕಟ್ಟಡ ನಿಯಮಗಳು ಇಷ್ಟು ಚಿಕ್ಕ ಮನೆಯನ್ನು ಮನೆಯೆಂದೇ ಒಪ್ಪುವುದಿಲ್ಲ. ಇಟ್ಟಿಗೆ ಗಾರೆಗಳಲ್ಲಿ ಕಾಣದ, ಬ್ಯಾಂಕಿನ ಕಡತದಲ್ಲಿ ಮಾತ್ರ ಕಾಣುವ ಇಂಥ ಗೋಡೆಗಳೂ ಇವೆ ಎಂಬುದನ್ನು ಯಾವ ನಕ್ಷೆಯ ತರಗತಿ ಹೇಳಿಕೊಟ್ಟೀತು? ಮುಂದೆ ಸಾಮಗ್ರಿಯ ಬೆಲೆ ಏರಿ ಇಪ್ಪತ್ತು ಸಾವಿರ ಎಂಬುದು ಹೆಸರಿಗಷ್ಟೇ ಉಳಿಯಿತು. ಈಗ ಈ ನಕ್ಷೆಗಳನ್ನು ಇತರ ವಸತಿ ಸಂಸ್ಥೆಗಳಿಗೆ ಕೊಟ್ಟು, ಸಾಲ, ವಿಮೆ, ವಿದ್ಯುತ್ ಖರ್ಚುಗಳ ಲೆಕ್ಕವನ್ನೂ ಜೊತೆಗೆ ವಿವರಿಸುವ ಕೆಲಸ ನಡೆದಿದೆ.

ಈ ಶಾಲೆಯ ಕೇಂದ್ರವಿರುವುದು ನ್ಯೂಬರ್ನ್ ಎಂಬ ಊರಿನಲ್ಲಿ. ಊರೆಂದರೆ 2010ರ ಜನಗಣತಿಯಂತೆ 186 ಜನ. 2004ರ ಸುಮಾರಿಗೆ ವಿದ್ಯಾರ್ಥಿಗಳು ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಒಂದು ಠಾಣೆ ಕಟ್ಟಿದರು. 110 ವರ್ಷಗಳಲ್ಲಿ ಆ ಊರಿಗೆ ಬಂದ ಮೊದಲ ಹೊಸ ಸಾರ್ವಜನಿಕ ಕಟ್ಟಡ ಅದು. 2011ರಲ್ಲಿ ದಪ್ಪನೆಯ ಸೈಪ್ರೆಸ್ ಮರದ ತೊಲೆಗಳನ್ನು ಒಂದರ ಮೇಲೊಂದು ಪೇರಿಸಿ ಪಕ್ಕದಲ್ಲೇ ಪುರಭವನ ಕಟ್ಟಿದರು. 2013ರಲ್ಲಿ ಹಳೆಯ ಬ್ಯಾಂಕಿನ ಕಟ್ಟಡವೊಂದನ್ನು ಗ್ರಂಥಾಲಯವಾಗಿ ಮಾರ್ಪಡಿಸಿದರು.

ಪುರಭವನದ ಕತೆ ಅಲ್ಲಿಗೆ ಮುಗಿಯಲಿಲ್ಲ. ನ್ಯೂಬರ್ನಿನಲ್ಲಿ ಕರಿಯರೇ ಹೆಚ್ಚು. ಆದರೂ ಹಲವು ದಶಕಗಳಿಂದ ಅಲ್ಲಿ ಚುನಾವಣೆಯೇ ನಡೆದಿರಲಿಲ್ಲ, ನಗರಾಧ್ಯಕ್ಷತೆ ಒಬ್ಬರಿಂದ ಇನ್ನೊಬ್ಬರಿಗೆ ಕೈಯಿಂದ ಕೈಗೆ ದಾಟುತ್ತಿತ್ತು. 2020ರಲ್ಲಿ ಪ್ಯಾಟ್ರಿಕ್ ಬ್ರ್ಯಾಕ್ಸ್‌ಟನ್ ಎಂಬವರು ವಿಧಿವತ್ತಾಗಿ ಉಮೇದುವಾರಿಕೆ ಸಲ್ಲಿಸಿದರು. ಬೇರೆ ಯಾರೂ ಸಲ್ಲಿಸದ ಕಾರಣ ಊರಿನ ಮೊದಲ ಕರಿಯ ಅಧ್ಯಕ್ಷರಾದರು. ಅವರು ಅದೇ ಅಗ್ನಿಶಾಮಕ ದಳದ ಹಳೆಯ ಸ್ವಯಂಸೇವಕ. ಪುರಭವನದ ಬೀಗ ಬದಲಾಯಿಸಿ ತನ್ನನ್ನು ಹೊರಗಿಟ್ಟಿದ್ದಾರೆಂದು ಅವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2024ರಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿದು ಅವರ ಅಧಿಕಾರ ಮಾನ್ಯವಾಯಿತು. 2025ರ ಆಗಸ್ಟಿನಲ್ಲಿ ನಡೆದ ಚುನಾವಣೆಯಲ್ಲಿ ಅವರು ಗೆದ್ದರು. ಸಾರ್ವಜನಿಕರಿಗೆಂದು ವಿದ್ಯಾರ್ಥಿಗಳು ಬಾಗಿಲು ಮಾಡಬಲ್ಲರು. ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂಬುದನ್ನು ತೀರ್ಮಾನಿಸಲಾರರು. ಒಳ್ಳೆಯ ಕಟ್ಟಡ ಒಳ್ಳೆಯ ಸಮಾಜವನ್ನು ತಾನಾಗಿ ತರುತ್ತದೆಂದು ನಂಬುವ ವಾಸ್ತುಶಿಲ್ಪಿಗಳು ಆ ಪುರಭವನದ ಚಿತ್ರವನ್ನು ಕೋಣೆಯಲ್ಲಿ ತೂಗುಹಾಕಿಕೊಳ್ಳುವುದು ಒಳಿತು.

ಮತ್ತೆ ವಿದ್ಯಾರ್ಥಿಗಳ ವಿಷಯಕ್ಕೆ ಬರುತ್ತೇನೆ. ಅಲ್ಲಿ ಮೂರನೆಯ ವರ್ಷದವರು ಒಂದು ಅವಧಿಯ ಮಟ್ಟಿಗೆ ಬರುತ್ತಾರೆ. ಐದನೆಯ ವರ್ಷದವರು ನಾಲ್ಕೈದು ಮಂದಿಯ ತಂಡ ಕಟ್ಟಿಕೊಂಡು ಒಂದು ಕಟ್ಟಡವನ್ನು ಆದ್ಯಂತ ವಹಿಸಿಕೊಳ್ಳುತ್ತಾರೆ. ವರ್ಷ ಮುಗಿಯುತ್ತದೆ, ಕಟ್ಟಡ ಮುಗಿದಿರುವುದಿಲ್ಲ. ಪದವಿ ಕೈಗೆ ಬಂದ ಮೇಲೂ ಎಷ್ಟೋ ಮಂದಿ ಆ ಹಳ್ಳಿಯಲ್ಲೇ ಉಳಿದು ಕೆಲಸ ಪೂರೈಸಿ ಹೋಗುತ್ತಾರೆ. ಹೀಗೆ ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ಇನ್ನೂರಕ್ಕೂ ಮಿಕ್ಕ ಕೆಲಸಗಳನ್ನು ಮಾಡಿದ್ದಾರೆ. ನಮ್ಮ ದೇಶದಲ್ಲಿಯೂ ವಾಸ್ತುಶಿಲ್ಪದ ಐದು ವರ್ಷಗಳ ವ್ಯಾಸಂಗದಲ್ಲಿ ಒಂದು ಅವಧಿಯನ್ನು ವೃತ್ತಿನಿರತರ ಬಳಿ ತರಬೇತಿಗೆಂದು ಮೀಸಲಿಟ್ಟಿದ್ದಾರೆ. ಆದರೆ ಕಚೇರಿಯಲ್ಲಿ ಆ ಎಳೆಯರ ಪಾಲಿಗೆ ಬರುವುದು ಬಹುಮಟ್ಟಿಗೆ ಮತ್ತೆ ನಕ್ಷೆಯ ಕೆಲಸವೇ. ಕಟ್ಟಡದ ಜಾಗಕ್ಕೆ ಹೋದರೂ ನೋಡಲು ಹೋಗುತ್ತಾರೆ. ರಸಮಟ್ಟ ಹಿಡಿಯುವವನು ಮೇಸ್ತ್ರಿ.

ಅಲಬಾಮದಲ್ಲಿ ಒಂದು ಪದ್ಧತಿಯಿದೆ. ಹೊಸ ಅವಧಿಯ ಆರಂಭದಲ್ಲಿ ವಿದ್ಯಾರ್ಥಿಗಳಿಗೆ ಕೆಲವು ದಿನ ನಕ್ಷೆಯನ್ನು ಮುಟ್ಟಗೊಡುವುದಿಲ್ಲ. ಕುತ್ತಿಗೆಯಿಂದ ಕೆಳಗೆ ದುಡಿಯುವ ದಿನಗಳೆಂದೇ ಅದಕ್ಕೆ ಹೆಸರು. ಹಿಂದಿನವರು ಕಟ್ಟಿದ್ದನ್ನು ದುರಸ್ತಿ ಮಾಡುವುದು, ಬಣ್ಣ ಬಳಿಯುವುದು, ಕಸ ಎತ್ತುವುದು, ಅಗೆಯುವುದು. ಹೆಸರು ಬರುವ ಕೆಲಸವಲ್ಲ. ಪತ್ರಿಕೆಯವರು ಅದರ ಚಿತ್ರ ತೆಗೆಯುವುದಿಲ್ಲ. ಬೇರೆ ಯಾರೋ ಬಿಟ್ಟುಹೋದ ಗೋಡೆಯ ಮುಂದೆ, ಬೇರೆ ಯಾರೋ ಲೆಕ್ಕ ಹಾಕಿದ ಸೂರಿನ ಕೆಳಗೆ, ನೀರು ಎಲ್ಲಿಂದ ಒಳಬಂತೆಂದು ಹುಡುಕುತ್ತ ಅವರು ತಮ್ಮ ಮೊದಲ ವಾರವನ್ನು ಕಳೆಯುತ್ತಾರೆ.